ನಾಲ್ಕನೇ ನಂಬರಿನ ಎರಡು ಫೈಲು

ಮಾರ್ಚ್ 13, ಸೋಮವಾರ

ಕೈಯಿಂದ ಕೈಗೆ ಸುತ್ತುವ ಯೆರ್ಬಾ ಚಹದ ಸೋರೆಬುರುಡೆ ನನ್ನ ಸರದಿಗೆ ಬರುವಷ್ಟರಲ್ಲಿ ಕೆಲಸ ಮುಗಿದಿತ್ತು. ರೊಸಾರಿಯೊದ ಹನ್ನೆರಡು ಬಡಾವಣೆ ಗ್ರಂಥಾಲಯಗಳ ಸೈಟಿಗೆ ಹೊಸ ಕಾಲಮ್ ಸೇರಿಸಬೇಕಿತ್ತು. ಅವಸರ... ಓಡುತ್ತಿರುವ ಸೈಟಿನ ಸರ್ವರಿನಲ್ಲೇ, ಏನು ಬದಲಾಗಬೇಕೆಂದು ಹೇಳುವ ಮೈಗ್ರೇಷನ್ ಫೈಲು ಮಾಡಿಸಿ ಡೇಟಾಬೇಸ್ ಬದಲಿಸಿದೆ. ಪುಸ್ತಕಗಳಿಗೆ ವಿಷಯದ ಚೀಟಿ ಹಚ್ಚುವ ಟ್ಯಾಗ್ ಆ್ಯಪ್ ನಮ್ಮದಲ್ಲ, ಹೊರಗಿನವರು ಬರೆದದ್ದು — ಅದರೊಳಗೂ ಒಂದು ಫೈಲು ಹುಟ್ಟಿಕೊಂಡಿತು. ಅದರ ಸಾಲಿನಲ್ಲಿ ನಾಲ್ಕನೇ ನಂಬರು. ಓದದೆ ಓಡಿಸಿದೆ. ಏನೂ ಆಗಲಿಲ್ಲ. ಇರಲಿ.

ಏಪ್ರಿಲ್ 17, ಸೋಮವಾರ

ಒಫೇಲಿಯಾ ಟ್ಯಾಗ್ ಆ್ಯಪ್ ಅಪ್‌ಡೇಟ್ ಮಾಡಿದ್ದೇ ತಡ, ಸೈಟ್ ಬಿತ್ತು. ಯಾವ ಗ್ರಂಥಾಲಯದಲ್ಲೂ ಪುಸ್ತಕ ಕೊಡುವಂತಿಲ್ಲ. ಪಾಪ, ಇಪ್ಪತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದು ಐವತ್ತರಲ್ಲಿ ಕೋಡ್ ಕಲಿತವರು. ನಮ್ಮ ಸಾಫ್ಟ್‌ವೇರ್ ಸಹಕಾರಿ ಸಂಘದಲ್ಲಿ ಇನ್ನೂ ಪ್ರೊಬೇಷನ್. ಖಾಯಂ ಸದಸ್ಯೆ ಮಾಡಿಕೊಳ್ಳಲು 27ಕ್ಕೆ ಮತ.

"ಏನ್ ಮುಟ್ಟಿದ್ರಿ ಒಫೇಲಿಯಾ?" ಎಂದೆ. ಎಲ್ಲರೆದುರು.

ಫೋಲ್ಡರ್ ತೆರೆದೆ. ನಾಲ್ಕನೇ ನಂಬರಿನ ಫೈಲು ಎರಡು. ಒಂದು ಅಪ್‌ಡೇಟ್ ಜೊತೆ ಬಂದದ್ದು. ಇನ್ನೊಂದರ ನೆತ್ತಿಯಲ್ಲಿ ತಾರೀಖು: ಮಾರ್ಚ್ 13. ಯಾವುದರ ಹಿಂದೆ ಹೋಗಬೇಕೆಂದು ತಿಳಿಯದೆ ಸರ್ವರ್ ನಿಂತುಬಿಟ್ಟಿತ್ತು. ನಾನು ಓದದೆ ಓಡಿಸಿದ್ದೇ ಅದು.

ನನ್ನದನ್ನು ಅಳಿಸಿದೆ. ಡೇಟಾಬೇಸಿನಲ್ಲಿದ್ದ ಅದರ ದಾಖಲೆಯನ್ನೂ ತೆಗೆದೆ. ಎರಡು ತಾಸಿನಲ್ಲಿ ಸೈಟ್ ಎದ್ದಿತು. ಚಪ್ಪಾಳೆ. ನನಗೆ.

ಏಪ್ರಿಲ್ 18, ಮಂಗಳವಾರ

ಸೈಟ್ ಕೆಡಿಸಿದವರು ಮರುದಿನ ಎಲ್ಲರಿಗೂ ಅರ್ಧಚಂದ್ರದ ಸಿಹಿ ಬನ್ನು, ಮೆದಿಯಾಲೂನಾ, ತರಬೇಕು — ನಮ್ಮಲ್ಲಿ ಪದ್ಧತಿ. ಒಫೇಲಿಯಾ ಎರಡು ಡಜನ್ ತಂದರು. ಬೇಕರಿಯಿಂದ ಬಿಸಿಬಿಸಿ.

"ಫಾಬ್ರಿಸಿಯೊ, ನೀನು ಎರಡು ತಿನ್ನಪ್ಪ. ನನ್ ಮಾನ ಉಳಿಸ್ದೋನು."

ಎರಡೂ ತಿಂದೆ. ಮಂಗ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ನಾನು ಮೇಕೆಯ ಕೈಯಿಂದಲೇ ತಿಂದೆ.

ಏಪ್ರಿಲ್ 25, ಮಂಗಳವಾರ

ವಾರದಿಂದ ಬರೆದಿಲ್ಲ. ಈ ದಿನಚರಿ ಪುಸ್ತಕ ತೆರೆದರೆ ಹಿಂದಿನ ಪುಟ ಕಣ್ಣಿಗೆ ಬೀಳುತ್ತದೆ.

ಒಫೇಲಿಯಾ ನೋಟ್‌ಬುಕ್ ಹಿಡಿದು ಬಂದರು. ಆ ದಿನ ಕೊಟ್ಟ ಒಂದೊಂದು ಕಮಾಂಡನ್ನೂ ಪೆನ್ನಿನಲ್ಲಿ ಬರೆದಿಟ್ಟಿದ್ದಾರೆ.

"ಎಲ್ಲಿ ತಪ್ಪಿದೀನಿ ತೋರ್ಸು. ಅಡುಗೆ ತಳ ಹಿಡಿದ್ರೆ ಯಾಕೆ ಹಿಡೀತು ಅಂತ ನಂಗೆ ಗೊತ್ತಾಗ್ತಿತ್ತು. ಇದು ಗೊತ್ತಾಗ್ತಿಲ್ಲ ಕಣೋ."

"ಒಂದೊಂದ್ಸಲ ಹಾಗಾಗತ್ತೆ, ಬಿಡಿ."

"ಹೆಂಗ್ ಬಿಡ್ಲಿ? ಗೊತ್ತಿಲ್ದೆ ಮತ್ತೆ ಅದನ್ನೇ ಮಾಡಿದ್ರೆ? ಗುರುವಾರ ನಾನೇ ಹೇಳ್ಬಿಡ್ತೀನಿ, ಸದಸ್ಯತ್ವ ಬೇಡ ಅಂತ."

ನೋಟ್‌ಬುಕ್ ಪೂರ್ತಿ ಓದಿದೆ. ಒಂದೂ ತಪ್ಪಿರಲಿಲ್ಲ. ಹಾಗೇ ಮರಳಿಸಿದೆ. ಥೂ... ಬರೆಯಲೂ ನಾಚಿಕೆ.

ಏಪ್ರಿಲ್ 27, ಗುರುವಾರ, ಬೆಳಿಗ್ಗೆ 9.40

ಹತ್ತಕ್ಕೆ ಸಭೆ. ಬೇಕರಿಗೆ ಹೋಗಿ ಬಂದೆ. ಎರಡು ಡಜನ್. ಡಬ್ಬ ಮೇಜಿನ ಮೇಲಿದೆ, ಪಕ್ಕದಲ್ಲಿ ಈ ಪುಸ್ತಕ. ಅಳಿಸಿದ ಫೈಲು ಸಾಕ್ಷಿ ಹೇಳುವುದಿಲ್ಲ. ಮಾರ್ಚ್ 13ರ ಪುಟ ಹೇಳುತ್ತದೆ. ಅದನ್ನು ಹರಿದುಹಾಕಲು ಎರಡು ಸಲ ಕೈ ಹೋಗಿತ್ತು.

ಒಫೇಲಿಯಾ ಬಂದರು. ಡಬ್ಬ ನೋಡಿ ನಕ್ಕರು.

"ಅಯ್ಯೋ, ಇವತ್ತು ಕೆಡಿಸಿದ್ದು ಯಾರಪ್ಪಾ?"

ಕುರ್ಚಿ ಎಳೆದು ಎದುರಿಗೇ ಕೂತಿದ್ದಾರೆ. ತಲೆ ಎತ್ತಲಾಗದೆ ಬರೆಯುತ್ತಿದ್ದೇನೆ. ಮಾರ್ಚ್ 13ರ ಪುಟ ತೆಗೆದು, ಪುಸ್ತಕವನ್ನೇ ಅವರ ಕಡೆಗೆ —