ಗೂಬೆಯ ಎಡಗಣ್ಣು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಗ್ರೂಪಿನಲ್ಲಿ ಬರೆದರೆ ಎಲ್ಲರೂ ಓದಿ, ಎರಡು ಪಂಗಡವಾಗಿ ಮತ್ತೆ ಜಗಳಕ್ಕೆ ನಿಲ್ಲುತ್ತಾರೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಹರಿದು ಹಾಕುವುದಾದರೆ ಓದಿದ ಮೇಲೆ ಹರಿದು ಹಾಕು. ಚಿಕ್ಕಂದಿನಲ್ಲಿ ನೀನು ನನ್ನ ಮೇಲೆ ಮುಖ ಊದಿಸಿಕೊಂಡರೆ ಊಟದ ಹೊತ್ತಿಗೆ ಇಳಿದುಹೋಗುತ್ತಿತ್ತು. ಈ ಸಲದ್ದು ಇಳಿಯುವ ಲಕ್ಷಣವೇ ಕಾಣುತ್ತಿಲ್ಲ.

ಬೆಳದಿಂಗಳ ಗುಹೆಯನ್ನು ಕೆಡವಿದ ದಿನ ನೀನು ಪಾರ್ಕಿನ ಗೇಟಿನ ಹೊರಗೆ ಬಿಸಿಲಿನಲ್ಲಿ ನಿಂತೇ ಇದ್ದೆಯಂತೆ. ನಮ್ಮ ಗ್ರೂಪಿನ ಡ್ರಾಯಿಂಗ್ ಮೇಷ್ಟ್ರು ಹೇಳಿದರು. ಆ ಹೊತ್ತಿನಲ್ಲಿ ನಾನು ಕನ್ನಡಕದ ಅಂಗಡಿಯಲ್ಲಿ ಕೂತು ಯಾರದೋ ಗಾಜು ಉಜ್ಜುತ್ತಿದ್ದೆ. ಉಜ್ಜಿದ್ದೇ ಉಜ್ಜಿದ್ದು, ಗಾಜು ತೆಳ್ಳಗಾಗಿ ಕೆಲಸಕ್ಕೆ ಬಾರದೆ ಹೋಯಿತು. ಮಾಲೀಕರು ಚೆನ್ನಾಗಿ ಉಗಿದರು. ಗುಹೆ ಕೆಡವಿಸಿದವಳು ನಾನು ಎಂದು ನೀನು ಅಂದುಕೊಂಡಿದ್ದೀಯ. ಆದರೆ ಅವತ್ತು ಬಿದ್ದ ಗೋಡೆಯೊಳಗೆ ನನ್ನ ಬಾಲ್ಯವೂ ಇತ್ತಲ್ಲವೇ?

ಅಪ್ಪ ಅಲ್ಲಿ ಟಿಕೆಟ್ ಕೌಂಟರಿನಲ್ಲಿ ಇದ್ದದ್ದರಿಂದ ಶಾಲೆಗೆ ರಜ ಬಂತೆಂದರೆ ಗುಹೆಯೇ ನಮ್ಮ ಮನೆ. ಬೇರೆ ಮಕ್ಕಳು ದೊಡ್ಡ ರೈಡುಗಳ ಮುಂದೆ ಸಾಲುಗಟ್ಟಿದರೆ ನಾವು ಆ ಕುಂಟುವ ದೋಣಿಯ ಹಿಂದಿನ ಸೀಟಿಗೆ ಓಡುತ್ತಿದ್ದೆವು. ನೀರೊಳಗಿನ ಸರಪಳಿ ಕಟಕಟ ಎನ್ನುತ್ತ ದೋಣಿಯನ್ನು ಎಳೆಯುತ್ತಿತ್ತು. ಮೊದಲು ತಗಡಿನ ಚಂದ್ರ, ಆಮೇಲೆ ವಾದ್ಯ ನುಡಿಸುವ ಕಪ್ಪೆಗಳು, ಆಮೇಲೆ ಕತ್ತಲ ತಿರುವು. ಅಲ್ಲಿ ನಾನು ಹೆದರುತ್ತೇನೆಂದು ನೀನು ಅಂಗೈಯಿಂದ ನನ್ನ ಕಣ್ಣು ಮುಚ್ಚುತ್ತಿದ್ದೆ. ನಾನು ನಿನ್ನ ಬೆರಳ ಸಂದಿಯಿಂದ ಗೂಬೆಯನ್ನು ನೋಡುತ್ತಿದ್ದೆ. ಅದು ಎರಡೂ ಕಣ್ಣು ಪಿಳಿಪಿಳಿ ಮಾಡಿ ಕತ್ತು ತಿರುಗಿಸುತ್ತಿತ್ತು. ನನಗೆ ಭಯವೇ ಆಗುತ್ತಿರಲಿಲ್ಲ ಅಕ್ಕ. ನಿನ್ನ ಕೈ ಬೇಕೆಂದು ಸುಮ್ಮನೆ ಕಿರುಚುತ್ತಿದ್ದೆ.

ದೊಡ್ಡವರಾದ ಮೇಲೂ ನಮ್ಮ ಹುಚ್ಚು ಬಿಡಲಿಲ್ಲ. ನಮ್ಮಂಥ ಹುಚ್ಚರೇ ಸೇರಿ ಗ್ರೂಪ್ ಕಟ್ಟಿಕೊಂಡೆವು. ಹೆಂಗಸೊಬ್ಬಳು ಗೂಬೆ ಅನ್ನಿಸಿಕೊಂಡು ಬೀಗುವುದು ಪ್ರಪಂಚದಲ್ಲಿ ನಮ್ಮ ಗ್ರೂಪಿನಲ್ಲಿ ಮಾತ್ರ. ನೀನು ಗೂಬೆ ಅಕ್ಕ. ನಾನು ಚೀಲದಮ್ಮ. ತಿಂಗಳಿಗೊಮ್ಮೆ ಎಲ್ಲರೂ ಸೇರಿದಾಗ ನಿಮ್ಮ ಚೀಲ, ಚಪ್ಪಲಿ, ನೀರಿನ ಬಾಟಲಿಗಳನ್ನು ರಾಶಿ ಹಾಕಿಕೊಂಡು ಬೆಂಚಿನ ಮೇಲೆ ಕೂರುವುದು ನನ್ನ ಕೆಲಸವಾಗಿತ್ತು. ಕಾಯುವುದಕ್ಕೆ ಒಬ್ಬರು ಬೇಕೇ ಬೇಕಿತ್ತು, ನಾನು ನಗುನಗುತ್ತ ಕೈ ಎತ್ತುತ್ತಿದ್ದೆ. ಯಾರಿಗೂ ಏನೂ ಅನ್ನಿಸಲಿಲ್ಲ. ಅನ್ನಿಸಬಾರದೆಂದೇ ನಾನು ಅಷ್ಟು ನಗುತ್ತಿದ್ದದ್ದು.

ನಮ್ಮ ಕಣ್ಮುಚ್ಚಿ ಸವಾರಿಯ ಆಟ ನೆನಪಿದೆಯಾ? ಬೆಂಚಿನ ಸುತ್ತ ಕೂತು, ಒಬ್ಬರು ಕಣ್ಣು ಮುಚ್ಚಿಕೊಂಡು ಗುಹೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು, ಉಳಿದವರು ತಪ್ಪು ಹಿಡಿಯಬೇಕು. ಕಳೆದ ವರ್ಷ ನನ್ನ ಸರದಿ ಬಂದಾಗ ಕಪ್ಪೆಗಳ ಕ್ರಮ, ಗೋಡೆಯ ತೇವದ ವಾಸನೆ, ತಿರುವಿನಲ್ಲಿ ದೋಣಿ ಎಡಕ್ಕೆ ತಾಗುವುದು, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಗೂಬೆ ಎರಡು ಕಣ್ಣೂ ಪಿಳುಕಿಸುತ್ತದೆ ಎಂದಾಗ ಎಲ್ಲರೂ ಹೋ ಎಂದು ನಕ್ಕಿರಿ. ಅದರ ಎಡಗಣ್ಣಿನ ರೆಪ್ಪೆ ಕೆಳಗಿಳಿದು ಅಂಟಿಕೊಂಡು ಎಷ್ಟೋ ಕಾಲವಾಗಿತ್ತಂತೆ. ಎಲ್ಲರಿಗೂ ಗೊತ್ತಿದ್ದದ್ದರಿಂದ ಯಾರೂ ಅದರ ಮಾತು ಎತ್ತುತ್ತಿರಲಿಲ್ಲ, ಒಳಗೆ ಫೋಟೊ ತೆಗೆಯುವುದಕ್ಕೂ ಬಿಡುತ್ತಿರಲಿಲ್ಲ. ನೀನು ನನ್ನ ಬೆನ್ನಿಗೆ ಗುದ್ದಿ, "ಕನ್ನಡಕದ ಅಂಗಡೀಲಿ ಕೂತ್ಕೊಂಡು ನಿನ್ ಕಣ್ಣೇ ಹೋಯ್ತೇನೇ?" ಎಂದೆ. ನಾನೂ ನಕ್ಕೆ. ಮೇಷ್ಟ್ರು ಮಾತ್ರ ನಗಲಿಲ್ಲ. ಜೀವನವಿಡೀ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸಿದವರು, ಯಾರು ನೋಡಿ ಬರೆದಿದ್ದಾರೆ, ಯಾರು ನೆನಪಿನಿಂದ ಬರೆದಿದ್ದಾರೆ ಎಂಬುದು ಅವರಿಗೆ ತಿಳಿಯುತ್ತದೆ. ಎಲ್ಲರೂ ಎದ್ದುಹೋದ ಮೇಲೆ ಮೆಲ್ಲಗೆ ಕೇಳಿದರು, "ಒಳಗೆ ಹೋಗಿ ಎಷ್ಟು ದಿನ ಆಯ್ತಮ್ಮ?"

ಸೊಂಟದ ಆಪರೇಷನ್ ಆದಾಗಿನಿಂದ ಹೋಗಿಲ್ಲ ಎಂದೆ.

ಈಗ ನಿನಗೂ ಹೇಳುತ್ತೇನೆ. ಆಪರೇಷನ್ ಆಗಿ, ನೀನು ನನ್ನ ಬಟ್ಟೆ ಒಗೆದು, ತಲೆ ಬಾಚಿ, ನಡೆಯುವುದನ್ನು ಕಲಿಸಿ ಮನೆಗೆ ಹೋದ ಮೇಲೆ, ನಾನೊಬ್ಬಳೇ ಕೋಲು ಹಿಡಿದುಕೊಂಡು ಗುಹೆಗೆ ಹೋದೆ. ನಿನಗೆ ಆಮೇಲೆ ಹೇಳಿ ಬೆರಗುಗೊಳಿಸಬೇಕೆಂಬ ಆಸೆ. ಆ ದೋಣಿಗಳು ನಿಲ್ಲುವುದಿಲ್ಲವಲ್ಲ, ಅವು ಚಲಿಸುತ್ತಿರುವಾಗಲೇ ಮೆಟ್ಟಿಲಿಳಿದು ಹತ್ತಬೇಕು. ಒಂದು ಕಾಲು ದೋಣಿಯೊಳಗೆ, ಇನ್ನೊಂದು ಮೆಟ್ಟಿಲ ಮೇಲೆ. ದೋಣಿ ಮುಂದಕ್ಕೆ ಹೋಯಿತು. ದೋಣಿ ಹತ್ತಿಸುವವನು ರಟ್ಟೆ ಹಿಡಿದು ಎಳೆಯದಿದ್ದರೆ ನೀರಿಗೇ ಬೀಳುತ್ತಿದ್ದೆ. ಸಾಲಿನಲ್ಲಿದ್ದ ಯಾರೋ, "ಆಗಲ್ಲ ಅಂದ್ರೆ ಯಾಕೆ ಬರ್ತಾರೋ" ಎಂದರು. ಮೈಯೆಲ್ಲ ಹಿಡಿಯಷ್ಟಾಯಿತು ಅಕ್ಕ.

ತೊಡೆಯ ಮೇಲಿನ ಕಪ್ಪು ಕಲೆ ನೋಡಿ ನೀನು ಕೇಳಿದಾಗ ಬಚ್ಚಲಲ್ಲಿ ಜಾರಿದೆ ಎಂದೆ. ನೀನು ಬಚ್ಚಲನ್ನೂ ಅದನ್ನು ಕಟ್ಟಿದವನನ್ನೂ ಬೈದು, ಮಾರನೇ ದಿನವೇ ರಬ್ಬರ್ ಚಾಪೆ ತಂದು ಹಾಸಿದೆ. ಅದು ಈಗಲೂ ಅಲ್ಲೇ ಇದೆ. ಅದರ ಮೇಲೆ ಕಾಲಿಟ್ಟಾಗಲೆಲ್ಲ ನಿನಗೆ ನಿಜ ಹೇಳಿಬಿಡಬೇಕು ಅನ್ನಿಸುತ್ತಿತ್ತು. ನಿನ್ನ ಗುಹೆಯನ್ನು ನಿನ್ನಿಂದ ಕಿತ್ತುಕೊಂಡಂತಾಗುತ್ತದೆ ಎಂದು ಸುಮ್ಮನಾಗುತ್ತಿದ್ದೆ. ನಾನು ಹತ್ತಲಾರೆನೆಂದು ಗೊತ್ತಾಗಿದ್ದರೆ ನೀನು ಮತ್ತೆಂದೂ ಹತ್ತುತ್ತಿರಲಿಲ್ಲ.

ಪಾರ್ಕಿನ ಮ್ಯಾನೇಜರ್ ನಮ್ಮನ್ನು ಮೊದಲ ಸಲ ಕರೆಸಿದಾಗ ಒಂದು ಮಾತು ಹೇಳಿದ್ದರು. ಗುಹೆ ಹಾಗೇ ಇರಲಿ, ದೋಣಿ ಮತ್ತು ಮೆಟ್ಟಿಲನ್ನು ಮಾತ್ರ ಬದಲಾಯಿಸುತ್ತೇವೆ, ದೋಣಿ ನಿಲ್ಲುವಂತೆ ಮಾಡುತ್ತೇವೆ, ಅದಕ್ಕಾಗಿ ಕೆಲವು ಕಪ್ಪೆಗಳನ್ನು ತೆಗೆಯಬೇಕಾಗುತ್ತದೆ ಎಂದು. ನಮ್ಮ ಗ್ರೂಪ್ ಕೆಂಡಾಮಂಡಲವಾಯಿತು. ಒಂದು ಮೊಳೆಯನ್ನೂ ಮುಟ್ಟಕೂಡದು ಎಂದು ನೀನು ಮೇಜು ಕುಟ್ಟಿದೆ. ಒಪ್ಪದವರು ಕೈ ಎತ್ತಿ ಎಂದಾಗ ಎಲ್ಲ ಕೈಗಳೂ ಮೇಲೆದ್ದವು. ನನ್ನದೂ. ಪಕ್ಕದಲ್ಲಿ ನೀನು ಕೂತಿದ್ದೆ, ಹೆಮ್ಮೆಯಿಂದ ನನ್ನ ಕಡೆ ನೋಡಿದೆ. ಅಕ್ಕ, ಗುಹೆಯೂ ಉಳಿದು ನಾನೂ ಹತ್ತುವ ದಾರಿ ಇದ್ದದ್ದು ಅದೊಂದೇ. ಅದನ್ನು ಮುಚ್ಚಿದ ಕೈಗಳಲ್ಲಿ ನನ್ನ ಕೈಯೂ ಇತ್ತು ಎಂಬುದು ನನ್ನನ್ನು ಇವತ್ತಿಗೂ ಕೊರೆಯುತ್ತದೆ.

ಆಮೇಲೆ ಅವರು ಪೂರ್ತಿ ತೆಗೆದು ಹೊಸದು ಕಟ್ಟುವ ಯೋಚನೆಯೊಂದಿಗೆ ಬಂದರು. ಇಟ್ಟರೆ ಇದ್ದ ಹಾಗೇ, ಇಲ್ಲವೇ ಹೊಸದು, ನಡುವಿನ ಮಾತು ಮುಗಿಯಿತು ಎಂದರು. ಅವತ್ತು ನೀನು ಮಾತಾಡಿ ಕೂತ ಮೇಲೆ ನಾನು ಎದ್ದು ನಿಂತೆ. ಏಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಹೊಸದೇ ಬರಲಿ, ಅದರಲ್ಲಾದರೂ ಹತ್ತಲಾಗದ ಜನ ಹತ್ತಲಿ ಎಂದೆ. ನೀನು ಎಲ್ಲರೆದುರು ಕೂಗಿದೆ, "ಯಾರೇ ಆ ಜನ? ಒಬ್ಬರನ್ನ ತೋರ್ಸು ನೋಡೋಣ!"

ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಕೋಲು ನನ್ನ ಕುರ್ಚಿಗೆ ಒರಗಿತ್ತು. ನಾನು ಕೂತುಬಿಟ್ಟೆ. ನೀನು ನಿನ್ನ ಚೀಲ ತೆಗೆದುಕೊಂಡು ಒಬ್ಬಳೇ ಹೊರಟುಹೋದೆ. ಅಷ್ಟು ವರ್ಷಗಳಲ್ಲಿ ನೀನು ನಿನ್ನ ಚೀಲವನ್ನು ನನ್ನ ಹತ್ತಿರ ಬಿಡದೆ ಹೋದದ್ದು ಅದೇ ಮೊದಲು.

ಅವತ್ತು ತೋರಿಸಲಿಲ್ಲ, ಇವತ್ತು ತೋರಿಸುತ್ತಿದ್ದೇನೆ. ನಾನೇ ಕಣೇ ಅಕ್ಕ ಆ ಜನ.

ನಿನ್ನ ಕಡೆಯವರು ಗೆಲ್ಲಬೇಕೆಂದು ನಾನು ಎಷ್ಟು ಸಲ ಆಸೆಪಟ್ಟಿದ್ದೇನೆ, ನಿನಗೆ ಗೊತ್ತಿಲ್ಲ. ಗೆದ್ದಿದ್ದರೆ ಆ ಬೆಂಚಿನ ಮೇಲೆ ಕೂತೇ ಇರುತ್ತಿದ್ದೆ, ನೀವೆಲ್ಲ ನಗುತ್ತ ಹೊರಬರುವುದನ್ನು ನೋಡುತ್ತ. ಈಗ ಗುಹೆಯೂ ಇಲ್ಲ, ಬೆಂಚೂ ಇಲ್ಲ, ನೀನೂ ಇಲ್ಲ. ಹೊಸ ರೈಡಿನ ಮಾತು ಬರುವ ಮೊದಲೇ ನಿನಗೆ ನಿಜ ಹೇಳಬೇಕಿತ್ತು. ಹೇಳಿದ್ದರೆ ನೀನೇ ಎದ್ದು ನಿಂತು ಆ ಕಪ್ಪೆಗಳನ್ನು ಕಿತ್ತು ಕೊಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಕೋಪ ಇನ್ನೂ ಇದ್ದರೆ ಇರಲಿ. ಆದರೆ ಬಂದು ಎದುರಿಗೆ ಕೂತು ಬೈಯಿ.

ನಿನ್ನ ತಂಗಿ,
ಚೀಲದಮ್ಮ

ಮರೆತಿದ್ದೆ: ಹೊಸದನ್ನು ಕಳೆದ ವಾರ ತೆರೆದರು, ನಾನು ಹೋಗಿದ್ದೆ. ದೋಣಿ ಮೆಟ್ಟಿಲ ಮಟ್ಟಕ್ಕೇ ಬಂದು ನಿಂತಿತು, ನಾನು ನಿಧಾನವಾಗಿ, ಯಾರ ಕೈಯನ್ನೂ ಹಿಡಿಯದೆ ಹತ್ತಿದೆ. ಚೆನ್ನಾಗಿಲ್ಲ ಅಕ್ಕ. ಒಂಚೂರೂ ಚೆನ್ನಾಗಿಲ್ಲ. ಎಲ್ಲಾ ಪರದೆ, ಕಿವಿ ತೂತು ಬೀಳುವ ಸದ್ದು, ತೇವದ ವಾಸನೆಯೇ ಇಲ್ಲ. ಗೂಬೆ ಇದೆ, ಎರಡು ಕಣ್ಣನ್ನೂ ಪಿಳಿಪಿಳಿ ಬಿಡುತ್ತದೆ, ನೋಡಿದರೆ ಮೈ ಉರಿಯುತ್ತದೆ. ನಾನೆಂದೂ ನೋಡದ ಆ ಮುಚ್ಚಿದ ಎಡಗಣ್ಣಿಗಾಗಿ ಕತ್ತಲ ತಿರುವಿನಲ್ಲಿ ಅತ್ತುಬಿಟ್ಟೆ. ಆದರೂ ಎಷ್ಟೋ ವರ್ಷಗಳ ಮೇಲೆ ಒಳಗೆ ಕೂತು, ನನ್ನ ಕಣ್ಣಾರೆ ನೋಡಿ ಬೈದೆ. ಬರುವ ಭಾನುವಾರ ಬಾ, ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತು ಬೈಯೋಣ. ಚೀಲ ಇಡುವುದಕ್ಕೆ ಸೀಟಿನ ಕೆಳಗೇ ಜಾಗವಿದೆ.