ಹೆಬ್ಬೆರಳಿನ ಸಾಕ್ಷಿ

ಅಕ್ಟೋಬರ್ 14, ಮಂಗಳವಾರ. ಬೊರೋಸ್, ಸ್ವೀಡನ್

ಮನೆ ಮಾರಿಕೊಡುವ ಏಜೆಂಟನನ್ನು ಆರಿಸುವ ತಲೆನೋವು ಅಂತೂ ಮುಗಿಯಿತು. ಆರಿಸಿದ್ದು ನಾನಲ್ಲ, ನನ್ನ ಗಂಡ ಸಿಕ್ಸ್ತೆನ್ ಅಂತೂ ಅಲ್ಲವೇ ಅಲ್ಲ. ಒಂದು ಕಾಲಿನ ಹೆಬ್ಬೆರಳು.

ಬೆಳಿಗ್ಗೆ ಬಂದ ಇಬ್ಬರು ಏಜೆಂಟರು ಬಾಗಿಲಲ್ಲೇ ಶೂ ಬಿಚ್ಚಿದರು. ಕಾಲುಚೀಲಗಳಿಗೂ ಇಸ್ತ್ರಿ ಹಾಕಿದಂತಿತ್ತು. ನನ್ನ ಏಲಕ್ಕಿ ಬನ್ನು ತಿಂದು, ಅಡುಗೆಮನೆಯ ಬೆಳಕನ್ನು ಹೊಗಳಿ ಹೋದರು. ನೆಲಮಾಳಿಗೆಗೆ ಇಬ್ಬರೂ ಇಳಿಯಲಿಲ್ಲ. ಸಿಕ್ಸ್ತೆನ್‌ಗೆ ಬಲು ಹಿಡಿಸಿದರು.

ಮೂರನೆಯವನು ಲುಡ್ವಿಗ್. ಶೂ ಬಿಚ್ಚಿದರೆ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕಿತು. "ತನ್ನ ಬೆರಳು ಮುಚ್ಕೊಳ್ಳೋಕೇ ಬರಲ್ಲ, ನಮ್ಮ ಮನೆ ಏನು ಮಾರ್ತಾನೆ ಇವನು!" ಎಂದು ಗಂಡ ನನ್ನ ಕಿವಿಯಲ್ಲಿ ಗೊಣಗಿದ. ಅಷ್ಟರಲ್ಲಿ ಲುಡ್ವಿಗ್ ನೆಲಮಾಳಿಗೆಗೆ ಇಳಿದು, ಮೂಲೆಯ ಜಮಖಾನದ ಮೇಲೆ ಕಾಲಿಟ್ಟಿದ್ದ.

"ಅಯ್ಯೋ, ಇಲ್ಲಿ ನೀರು ಜಿನುಗ್ತಿದೆಯಲ್ರೀ! ಬೆರಳೆಲ್ಲ ಒದ್ದೆ!"

ಹನ್ನೊಂದು ವರ್ಷದಿಂದ ನಾನು ಅದನ್ನೇ ಬಡಕೊಳ್ಳುತ್ತಿದ್ದೇನೆ. ಹನ್ನೊಂದು ವರ್ಷದಿಂದ ಸಿಕ್ಸ್ತೆನ್, "ನಿನ್ನ ಭ್ರಮೆ ಕಣೇ" ಎನ್ನುತ್ತಿದ್ದಾನೆ. ಆ ಭ್ರಮೆಯ ಮೇಲೆ ಜಮಖಾನ ಹಾಸಿದವನೂ ಅವನೇ.

"ಇವನು ಬೇಡ. ಕೊಳ್ಳೋರಿಗೆಲ್ಲ ಹೇಳಿಬಿಡ್ತಾನೆ," ಎಂದ ಗಂಡ.

"ಏನಂತ ಹೇಳ್ತಾನೆ? ನನಗೆ ಭ್ರಮೆ ಅಂತಾನಾ?"

ಸಿಕ್ಸ್ತೆನ್ ಲುಡ್ವಿಗ್‌ನ ಒಪ್ಪಂದಕ್ಕೆ ಸಹಿ ಹಾಕಿದ. ಗಂಡನಿಗೆಂದೇ ಹೆಣೆದಿದ್ದ ಹೊಸ ಕಾಲುಚೀಲವನ್ನು ಲುಡ್ವಿಗ್‌ಗೆ ತೊಡಿಸಿ ಕಳಿಸಿದೆ. ತೂತಿನದು ನಮ್ಮ ಹೀಟರ್ ಮೇಲೆ ಒಣಗುತ್ತಿದೆ. ಅದನ್ನು ಹೊಲಿಯಬೇಕು, ಪಾಪ, ಇಷ್ಟು ಉಪಕಾರ ಮಾಡಿದ ತೂತು.

ಸಿಕ್ಸ್ತೆನ್ ಈಗ ಟಾರ್ಚ್ ಹಿಡಿದು ಕೆಳಗೆ ಇಳಿದಿದ್ದಾನೆ. "ಇದು ಇವತ್ತೇ ಶುರುವಾಗಿರೋದು ಕಣೇ!" ಎಂದು ಅಲ್ಲಿಂದಲೇ ಕೂಗುತ್ತಿದ್ದಾನೆ.

ಕೂಗಲಿ. ಬರಿಗಾಲಲ್ಲೇ ಹೋಗಿದ್ದಾನೆ, ಇನ್ನು ಅವನ ಹೆಬ್ಬೆರಳೇ ಸಾಕ್ಷಿ.