ಪೇಪರಿನಲ್ಲಿ ಬಂದ ಫೋಟೋ

ಹೊಸದುರ್ಗ
೧೭ ನವೆಂಬರ್ ೨೦೨೪, ಭಾನುವಾರ

ಚಿ. ಬಿಂದುವಿಗೆ,

…ಹಾಗಾಗಿ ಟಿ.ವಿ.ಯನ್ನೂ ಪಕ್ಕದ ಮನೆಯ ಹುಚ್ಚಕ್ಕನಿಗೆ ಕೊಟ್ಟುಬಿಟ್ಟೆ. ನಿನ್ನೆ ಬರೆದದ್ದು ಇಲ್ಲಿಗೆ ನಿಂತಿತ್ತು. ಆ ಹಾಳೆ ಹರಿದು ಹಾಕಿದೆ, ಮಾತು ಮಾತ್ರ ಅಲ್ಲಿಂದಲೇ ಮುಂದುವರಿಸುತ್ತೇನೆ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಐ ಬೆಗ್ ಟು ಸ್ಟೇಟ್ ದಟ್… ಕಾಲೇಜಿನಲ್ಲಿ ಕಲಿತ ಇಂಗ್ಲಿಷು ಇಲ್ಲಿಯವರೆಗೆ ಬರುತ್ತದೆ, ಮುಂದಕ್ಕೆ ಕೈ ಓಡುವುದಿಲ್ಲ.

ನೀನು ಕೇಳಿದ್ದು ಒಂದೇ ಮಾತು: ತೀರಿಹೋಗುವ ಮುಂಚೆ ಅಮ್ಮ ನನ್ನ ಬಗ್ಗೆ ಏನಂದಳು, ಒಂದು ಫೋನನ್ನಾದರೂ ಯಾಕೆ ಮಾಡಲಿಲ್ಲ? ಹೇಳುತ್ತೇನೆ. ಮೊದಲು ಊರಿನ ಸಮಾಚಾರ.

ಊರಿನ ಸಮಾಚಾರ ನನಗೇ ಗೊತ್ತಿಲ್ಲ. ಪೇಪರ್ ಬಿಡಿಸಿದ್ದೇನೆ, ಮೊಬೈಲಿನಿಂದ ವಾಟ್ಸಾಪ್ ತೆಗೆಸಿದ್ದೇನೆ. ಬೆಳಿಗ್ಗೆ ಯುದ್ಧ, ಮಧ್ಯಾಹ್ನ ಅಪಘಾತ, ಸಂಜೆ ನಾಲ್ಕು ಜನ ಕೂತು ಕಿರುಚುವುದು. ಸಾಕಾಯಿತು. ಪೀಸ್ ಆಫ್ ಮೈಂಡ್ ಈಸ್ ದಿ… ಡಿಗ್ರಿಯಲ್ಲಿ ಓದಿದ್ದು, ಉಳಿದದ್ದು ಮರೆತಿದೆ. ಹೋಟೆಲಿನ ಪಂಚಾಕ್ಷರಪ್ಪ ದಿನಾ ಕೆಣಕುತ್ತಾನೆ: "ಏನ್ರಿ ಅಜ್ಜಪ್ಪಾರೆ, ಲೋಕ ಮುಳುಗಿದ್ರೂ ನಿಮಗೆ ತಿಳಿಯಾದಿಲ್ವಲ್ರಿ!"

"ಮುಳುಗಿದ್ರೆ ಕಾಲು ತೇವ ಆಗ್ತೈತೆ, ಆಗ ತಿಳೀತೈತೆ. ನೀನು ಟೀ ಕೊಡಪ್ಪ."

ನಿನ್ನ ಅಮ್ಮ ಹಾಗಲ್ಲ. ಓದು ಬಾರದಿದ್ದರೂ ಪೇಪರ್ ಬಿಟ್ಟವಳಲ್ಲ. ಶಾಲು ಹೊದ್ದ ಫೋಟೋ ಇದ್ದರೆ ಸನ್ಮಾನ, ಹಾರ ಹಾಕಿ ಕೆಳಗೆ ದೀಪ ಇಟ್ಟಿದ್ದರೆ ಸಾವು. ಹೀಗೆ ನೋಡಿಯೇ ಸುದ್ದಿ ಹೇಳುವಳು. ಅಂಕಿ ಮಾತ್ರ ಬರುತ್ತಿತ್ತು. ಮಾರಿಕಣಿವೆಯಲ್ಲಿ ಕೆಲಸದಲ್ಲಿದ್ದಾಗ ಡ್ಯಾಮಿನ ನೀರಿನ ಮಟ್ಟವನ್ನು ವರದಿಗಾರರಿಗೆ ಹೇಳುತ್ತಿದ್ದವನು ನಾನೇ. ಮಾರನೇ ದಿನ ಅದೇ ಅಂಕಿ ಅಚ್ಚಾಗಿ ಬಂದದ್ದನ್ನು ಬೆರಳಿಟ್ಟು ನೋಡಿ, "ಒಂದಡಿನೂ ಸುಳ್ಳು ಹಾಕಾದಿಲ್ಲ ನೋಡ್ರಿ ಇವ್ರು" ಅನ್ನುವಳು.

ಹೋದ ವರ್ಷ ನೀನು ಚಿತ್ರದುರ್ಗದಲ್ಲಿ ಫೈಜಾನನನ್ನು ರಿಜಿಸ್ಟರ್ ಮದುವೆಯಾದ ಮೂರನೇ ದಿನ ನಾನು ಕೊಟ್ಟ ಶ್ರದ್ಧಾಂಜಲಿ ಜಾಹೀರಾತನ್ನು ನೀನೂ ನೋಡಿದ್ದೀಯ. ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಪೇಪರ್ ಏಜೆಂಟ್ ತಿಪ್ಪೇಶ್ ಮೊದಲು ಒಪ್ಪಲಿಲ್ಲ.

"ಬದುಕಿರೋ ಹುಡುಗಿಗೆ ಹೆಂಗ್ರೀ ಹಾಕೋದು?"

"ನನ್ನ ಪಾಲಿಗೆ ಸತ್ತಾಳೆ. ನೀನು ಹಾಕು."

"ಕಲರ್ರಾ, ಬ್ಲ್ಯಾಕ್ ಅಂಡ್ ವೈಟಾ?"

"ಕಲರ್. ನೋಡಿದೋರು ಗುರುತು ಹಿಡೀಬೇಕು."

ಕಾಲೇಜು ಫಂಕ್ಷನ್ನಿನ ಹಳದಿ ಸೀರೆಯ ಫೋಟೋ. ಅಚ್ಚು ಚೆನ್ನಾಗಿಯೇ ಬಂದಿತ್ತು.

ನಿನ್ನ ಮದುವೆಯ ಸುದ್ದಿಯನ್ನು ನಾನು ಅಮ್ಮನಿಗೆ ಹೇಳಿರಲಿಲ್ಲ. ನೀನು ಹಾಸ್ಟೆಲಿನಲ್ಲೇ ಇದ್ದೀಯ ಅಂದುಕೊಂಡಿದ್ದಳು. ಅವಳ ಫೋನು ನನ್ನ ಜೇಬಿನಲ್ಲಿತ್ತು. ಜಾಹೀರಾತು ಬಂದ ಬೆಳಿಗ್ಗೆ, ಜನ ಏನಂತಾರೋ ನೋಡೋಣವೆಂದು ಹೋಟೆಲಿಗೆ ಹೋಗಿದ್ದೆ. ಎಲ್ಲರೂ ಆ ಪುಟ ಓದಿದ್ದರು, ಯಾರೂ ತುಟಿ ಬಿಚ್ಚಲಿಲ್ಲ. ನನಗೆ ಅದು ಮರ್ಯಾದೆಯಂತೆ ಕಂಡಿತು. ತಿರುಗಿ ಬರುವಷ್ಟರಲ್ಲಿ ಅಮ್ಮ ಅಂಗಳದಲ್ಲಿ ಪೇಪರನ್ನು ತೊಡೆಯ ಮೇಲೆ ಹರಡಿಕೊಂಡು ಕೂತಿದ್ದಳು. ಒಲೆ ಮೇಲಿನ ಹಾಲು ಸೀದು ಮನೆಯೆಲ್ಲ ವಾಸನೆ. ಅವತ್ತೇ ಊಟ ಬಿಟ್ಟಳು. ಹದಿನೆಂಟನೇ ದಿನ ಹೋದಳು. ಡಾಕ್ಟರು ಹಾರ್ಟ್ ಎಂದು ಬರೆದುಕೊಟ್ಟರು. ನಿನ್ನ ಬಗ್ಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ನನ್ನನ್ನೂ ಏನೂ ಕೇಳಲಿಲ್ಲ. ನಿನ್ನ ಪ್ರಶ್ನೆಗೆ ಇದೇ ಉತ್ತರ ಎಂದುಕೋ.

ಇನ್ನೂ ಏನೋ ಬರೆಯುವುದಿತ್ತು. ಆಗಲೇ ಬೆಳಕು ಹೋಗುತ್ತಿದೆ, ಸಾಲು ಸೊಟ್ಟಗಾಗುತ್ತಿದೆ. ಇಬ್ಬರೂ ಹೊಟ್ಟೆ ತುಂಬ ಉಂಡು ತಣ್ಣಗಿರಿ. ಇಬ್ಬರಿಗೂ ಎಂದೇ ಬರೆದಿದ್ದೇನೆ.

ನಿನ್ನ ಅಪ್ಪ,
ಅಜ್ಜಪ್ಪ

ತಾ.ಕ.: ಅಮ್ಮ ಏನೂ ಕೇಳಲಿಲ್ಲ ಎಂದು ಬರೆದದ್ದು ಸುಳ್ಳು. ಎರಡನೇ ದಿನ ಹುಚ್ಚಕ್ಕ ಬಂದು, "ಲೇ ದಾಕ್ಷಾಯಣಿ, ನಿನ್ ಮಗಳು ಬದುಕೈದಾಳೆ ಕಣೆ, ದುರ್ಗದಾಗೆ ಮದುವೆ ಮಾಡ್ಕಂಡು ಚೆನ್ನಾಗೈದಾಳೆ" ಎಂದು ಹೇಳಿಹೋಗಿದ್ದಳು. ಅಮ್ಮ ಪೇಪರ್ ಹಿಡಿದು ನನ್ನೆದುರು ಬಂದು ನಿಂತಳು. "ಹುಚ್ಚಕ್ಕ ಹಂಗಂತಾಳೆ, ಪೇಪರ್‌ನಾಗೆ ಹಿಂಗೈತೆ. ಯಾವ್ದು ದಿಟ? ನೀವು ಹೇಳ್ರಿ, ನಂಬ್ತೀನಿ."

"ಅವಳು ನಿನ್ನ ಸಮಾಧಾನಕ್ಕೆ ಅಂತಾಳೆ," ಅಂದೆ. "ಬಸ್ಸು ಹರೀತು. ಮುಖ ನೋಡೋ ಹಂಗಿರ್ಲಿಲ್ಲ, ಅದಕ್ಕೇ ನಿನ್ನ ಕರ್ಕಂಡು ಹೋಗ್ಲಿಲ್ಲ. ದುರ್ಗದಾಗೇ ಮಣ್ಣು ಮಾಡಿ ಬಂದೆ."

ಅವಳು ಅಳಲಿಲ್ಲ. ಫೋಟೋ ಕತ್ತರಿಸಿ, ಅನ್ನದ ಅಗುಳು ಹಚ್ಚಿ ಗೋಡೆಗೆ ಅಂಟಿಸಿದಳು. "ಹೂವಾದ್ರೂ ತರ್ರಿ" ಅಂದಳು. ಪೇಟೆಗೆ ಹೋಗಿ ಎರಡು ಮೊಳ ಸೇವಂತಿಗೆ ತಂದುಕೊಟ್ಟೆ. ಅವಳು ಹೋಗುವವರೆಗೂ ದಿನಾ ತಂದುಕೊಟ್ಟೆ.